ತಲೆಯೊಳಗಿನ ನೀರಿನ ಗುಳ್ಳೆ: ಕಾಯೋದಾ, ಕೊಯ್ಸೋದಾ?

ಈ ಸಲ ಅಂಕಣ ಪೂರ್ತಿ ಒಂದೇ ವಿಷಯಕ್ಕೆ. ಶಿರಸಿ ಕಡೆಯ ಒಬ್ಬ ತಾಯಿಯ ಪತ್ರಕ್ಕೆ ಉತ್ತರ ಬರೆಯಲು ಕೂತಿದ್ದೆ. ನೋಡಿದರೆ ಅದೇ ಕಟ್ಟಿನಲ್ಲಿ ಕುಮಟಾ, ಕಾರವಾರ, ಹೊನ್ನಾವರ, ಭಟ್ಕಳದಿಂದ ಬಂದ ಪತ್ರಗಳಲ್ಲೂ ಹೆಚ್ಚುಕಡಿಮೆ ಇದೇ ಚಿಂತೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಲು ಹೋಗಿದ್ದಾರೆ, ತಲೆಯೊಳಗೆ ಗುಳ್ಳೆ ಇದೆ ಅಂತ ಗೊತ್ತಾಗಿದೆ, ಅಲ್ಲಿಂದ ಮನೆಮಂದಿಯ ನಿದ್ದೆ ಹೋಗಿದೆ. ನಾನು ಮೆದುಳಿನ ಸರ್ಜನ್ ಅಲ್ಲ, ಊರಿನ ಫಿಜಿಶಿಯನ್. ಆದರೆ ಇಂಥ ಗುಳ್ಳೆ ಇಟ್ಟುಕೊಂಡೇ ಆರಾಮಾಗಿ ಬದುಕುತ್ತಿರುವವರನ್ನು ವರ್ಷಗಟ್ಟಲೆ ನೋಡಿದ್ದೇನೆ. ಆಪರೇಷನ್ ಆಗಲೇಬೇಕಿದ್ದವರನ್ನು ರಾತ್ರೋರಾತ್ರಿ ಆಂಬುಲೆನ್ಸ್ ಹತ್ತಿಸಿದ್ದೂ ಇದೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಮಗನಿಗೆ 23 ವರ್ಷ. ಎರಡು ತಿಂಗಳ ಹಿಂದೆ ಬೈಕಿನಿಂದ ಜಾರಿ ಬಿದ್ದ. ಹೆಲ್ಮೆಟ್ ಇತ್ತು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಯಾವುದಕ್ಕೂ ಇರಲಿ ಅಂತ ಸಿಟಿ ಸ್ಕ್ಯಾನ್ ಮಾಡಿದರು, ಆಮೇಲೆ ಎಂಆರ್‌ಐ. ಎಡಗಿವಿಯ ಮೇಲ್ಗಡೆ, ಒಳಗೆ, 4.2 ಸೆಂಟಿಮೀಟರ್ ಅರಾಕ್ನಾಯ್ಡ್ ಸಿಸ್ಟ್ ಇದೆಯಂತೆ. ಒಂದು ಆಸ್ಪತ್ರೆಯಲ್ಲಿ ‘ಟೈಂ ಬಾಂಬ್ ಇದ್ದ ಹಾಗೆ, ಬೇಗ ಆಪರೇಷನ್ ಮಾಡಿಸಿ’ ಅಂದರು. ಇನ್ನೊಂದು ಕಡೆ ‘ಹುಟ್ಟಿನಿಂದ ಇದ್ದದ್ದು, ಮರೆತುಬಿಡಿ’ ಅಂದರು. ಮನೆಯಲ್ಲಿ ಇವರದ್ದೊಂದು ಮಾತು, ನನ್ನ ಅಣ್ಣನದ್ದೊಂದು ಮಾತು. ಮಾಣಿ ಮಾತ್ರ ‘ಆಯಿ, ಯಂಗೆ ಎಂತೂ ಆಜಿಲ್ಲೆ’ ಅನ್ನುತ್ತಾನೆ. ನಾನು ರಾತ್ರಿ ಎದ್ದು ಎದ್ದು ಅವನ ಉಸಿರು ನೋಡುತ್ತೇನೆ. ಯಾರ ಮಾತು ಕೇಳಲಿ? ರಿಪೋರ್ಟಿನ ಪ್ರತಿ ಇಟ್ಟಿದ್ದೇನೆ.

ಉತ್ತರ: ಅಕ್ಕಾ, ಮೊದಲು ನೀವು ನಿದ್ದೆ ಮಾಡಿ. ನಿದ್ದೆಯಲ್ಲಿ ಉಸಿರು ನಿಲ್ಲಿಸುವ ಜಾತಿಯ ಗುಳ್ಳೆ ಅಲ್ಲ ಅದು.

ನಮ್ಮೆಲ್ಲರ ಮೆದುಳು ನೀರಿನಲ್ಲೇ ತೇಲುತ್ತಿರುತ್ತದೆ. ದೊಡ್ಡವರಲ್ಲಿ ಯಾವ ಹೊತ್ತಿಗೂ ಸುಮಾರು 150 ಎಂಎಲ್ ಇರುತ್ತದೆ, ಅಂದರೆ ಒಂದು ಲೋಟ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಊರುತ್ತದೆ, ಹಳೆಯದು ರಕ್ತಕ್ಕೆ ಸೇರಿ ಹೋಗುತ್ತದೆ. ಮೆದುಳಿನ ಸುತ್ತ ಮೂರು ಪೊರೆಗಳಿವೆ. ನಡುವಿನದ್ದು ಜೇಡರ ಬಲೆಯ ಹಾಗೆ ತೆಳ್ಳಗೆ, ಅದಕ್ಕೇ ಅರಾಕ್ನಾಯ್ಡ್ ಅಂತ ಹೆಸರು. ಮಗು ಹೊಟ್ಟೆಯಲ್ಲಿರುವಾಗಲೇ ಆ ಪೊರೆ ಒಂದು ಕಡೆ ಎರಡು ಪದರವಾಗಿ ಬಿಡುತ್ತದೆ, ಆ ಸಂದಿಯಲ್ಲಿ ಅದೇ ನೀರು ತುಂಬಿಕೊಳ್ಳುತ್ತದೆ. ಅಷ್ಟೇ ಈ ಸಿಸ್ಟ್. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ಎಂಆರ್‌ಐ ಮಾಡಿಸಿದ ನೂರು ಜನ ದೊಡ್ಡವರಲ್ಲಿ ಒಬ್ಬಿಬ್ಬರ ತಲೆಯಲ್ಲಿ ಇದು ಕಾಣುತ್ತದೆ. ಗಂಡಸರಲ್ಲಿ ಜಾಸ್ತಿ, ಅದರಲ್ಲೂ ಎಡಗಡೆ, ನಿಮ್ಮ ಮಗನಿಗೆ ಇರುವ ಜಾಗದಲ್ಲೇ ಜಾಸ್ತಿ. ಸ್ಕ್ಯಾನೇ ಆಗದೆ, ಇದೆ ಅಂತ ಗೊತ್ತಾಗದೆ, ಎಂಬತ್ತು ವರ್ಷ ಬದುಕಿದವರು ನಿಮ್ಮ ಊರಿನಲ್ಲೇ ಇರಬಹುದು.

4.2 ಸೆಂಟಿಮೀಟರ್ ಅಂದರೆ ಒಂದು ದೊಡ್ಡ ನೆಲ್ಲಿಕಾಯಿ. ಅಷ್ಟು ದೊಡ್ಡದು ತಲೆಯೊಳಗೆ ಇದ್ದರೆ ಮೆದುಳು ಅಪ್ಪಚ್ಚಿ ಆಗುವುದಿಲ್ಲವಾ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮಾವಿನ ಗಿಡದ ಬೇರಿಗೆ ಅಡಿಯಲ್ಲಿ ಕಲ್ಲು ಸಿಕ್ಕಿದರೆ ಏನು ಮಾಡುತ್ತದೆ ಹೇಳಿ. ಕಲ್ಲನ್ನು ಬಳಸಿಕೊಂಡು ಬೆಳೆಯುತ್ತದೆ ಅಲ್ವಾ? ನಿಮ್ಮ ಮಗನ ಮೆದುಳೂ ಹುಟ್ಟುವ ಮೊದಲಿನಿಂದ ಆ ಗುಳ್ಳೆಯನ್ನು ಬಳಸಿಕೊಂಡೇ ಬೆಳೆದಿದೆ. ನೀವು ಕಳಿಸಿದ ರಿಪೋರ್ಟಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಗುಳ್ಳೆಯ ಮೇಲಿನ ತಲೆಬುರುಡೆಯ ಮೂಳೆ ಒಳಗಿನಿಂದ ಸ್ವಲ್ಪ ತೆಳ್ಳಗಾಗಿದೆ ಅಂತ ಬರೆದಿದ್ದಾರೆ. ಮೂಳೆ ಒಂದೆರಡು ತಿಂಗಳಲ್ಲಿ ಹಾಗೆ ಸವೆಯುವುದಿಲ್ಲ, ವರ್ಷಗಳೇ ಬೇಕು. ಅಂದರೆ ಬೈಕಿನಿಂದ ಬಿದ್ದದ್ದಕ್ಕೂ ಗುಳ್ಳೆಗೂ ಸಂಬಂಧವೇ ಇಲ್ಲ.

ರಿಪೋರ್ಟಿನ ಉಳಿದ ಸಾಲುಗಳನ್ನೂ ಓದಿದೆ. ಗುಳ್ಳೆಯ ಒಳಗಿರುವುದು ಎಲ್ಲಾ ಚಿತ್ರಗಳಲ್ಲೂ ಮೆದುಳಿನ ನೀರಿನ ಬಣ್ಣವನ್ನೇ ಹೋಲುತ್ತದೆ. ಔಷಧಿ ಚುಚ್ಚಿ ತೆಗೆದ ಚಿತ್ರದಲ್ಲಿ ಹೊಳೆದಿಲ್ಲ. ಡಿಫ್ಯೂಷನ್ ಅನ್ನುವ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲೂ ಬೆಳ್ಳಗೆ ಕಂಡಿಲ್ಲ, ಕಂಡಿದ್ದರೆ ಎಪಿಡರ್ಮಾಯ್ಡ್ ಅನ್ನುವ ಬೇರೆ ಜಾತಿಯದ್ದಾ ಅಂತ ಯೋಚಿಸಬೇಕಿತ್ತು. ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದಿಲ್ಲ. ಮೆದುಳಿನೊಳಗೆ ಇದೇ ನೀರು ತುಂಬಿರುವ ಕೋಣೆಗಳು ಉಬ್ಬಿಲ್ಲ. ಇವು ಒಳ್ಳೆಯ ಸಾಲುಗಳು. ಮನೆಯಲ್ಲಿ ಎಲ್ಲರೂ 4.2 ಅನ್ನುವ ಅಂಕಿಯನ್ನೇ ಹಿಡಿದುಕೊಂಡು ಕೂತಿದ್ದೀರಿ, ಈ ಸಾಲುಗಳನ್ನು ಯಾರೂ ಓದಿ ಹೇಳಿಲ್ಲ ಅಂತ ಕಾಣುತ್ತದೆ. ಇನ್ನೊಂದು ಮಾತು. ‘ಗಲಾಸಿ ಟೈಪ್ 2’ ಅಂತ ಇದೆಯಲ್ಲ, ಅದು ಎರಡನೇ ಸ್ಟೇಜ್ ಅಲ್ಲ. ಆ ಜಾಗದ ಗುಳ್ಳೆಗಳನ್ನು ಆಕಾರ, ಗಾತ್ರ ನೋಡಿ ಮೂರು ಬಗೆ ಮಾಡಿದ್ದಾರೆ, ಅದರಲ್ಲಿ ನಡುವಿನದ್ದು. ಒಂದನೆಯದ್ದು ಹೋಗಿ ಎರಡಾಯಿತು, ಮುಂದೆ ಮೂರಾಗುತ್ತದೆ ಅಂತಲ್ಲ.

ಈಗ ‘ಟೈಂ ಬಾಂಬ್’ ಮಾತು. ಹೇಳಿದವರು ಯಾರು ಅಂತ ನಾನು ಕೇಳುವುದಿಲ್ಲ, ಆದರೆ ಆ ಮಾತು ಓದಿ ನನಗೆ ಸಿಟ್ಟು ಬಂತು. ಬಾಂಬ್ ಅಂದರೆ ಇವತ್ತಲ್ಲ ನಾಳೆ ಸಿಡಿಯಲೇಬೇಕು. ದೊಡ್ಡವರಲ್ಲಿ ಇಂಥ ಗುಳ್ಳೆಗಳು ಬೆಳೆಯುವುದೇ ಅಪರೂಪ, ಹೆಚ್ಚಿನವು ಇದ್ದ ಹಾಗೇ ಇರುತ್ತವೆ. ಬೆಳೆಯುವ ಸಾಧ್ಯತೆ ಜಾಸ್ತಿ ಇರುವುದು ಕೂಸುಗಳಲ್ಲಿ, ಮೊದಲ ನಾಲ್ಕೈದು ವರ್ಷ. ನಿಮ್ಮ ಮಗ ಆ ವಯಸ್ಸು ದಾಟಿ ಎಷ್ಟು ಕಾಲ ಆಯಿತು!

ಸರಿ, ಇದ್ದೇ ಇದೆಯಲ್ಲ, ತೆಗೆಸಿಬಿಟ್ಟರೆ ಶಾಶ್ವತ ನೆಮ್ಮದಿ ಅಲ್ವಾ ಅಂತ ನಿಮ್ಮ ಅಣ್ಣ ಹೇಳುತ್ತಿರಬಹುದು. ತೆಗೆಯುವುದು ಅಂದರೆ ಅಡಿಕೆ ಸುಲಿದ ಹಾಗೆ ಸಿಪ್ಪೆ ಸಮೇತ ಎತ್ತಿ ಹಾಕುವುದಲ್ಲ. ಒಂದೋ ತಲೆಬುರುಡೆ ತೆರೆದು, ಇಲ್ಲವೇ ಎಂಡೋಸ್ಕೋಪ್ ತೂರಿಸಿ, ಗುಳ್ಳೆಯ ಗೋಡೆಗೆ ತೂತು ಮಾಡಿ ಒಳಗಿನ ನೀರು ಸುತ್ತಲಿನ ನೀರಿಗೆ ಸೇರುವ ಹಾಗೆ ಮಾಡುತ್ತಾರೆ. ಇಲ್ಲದಿದ್ದರೆ ಶಂಟ್. ಚರ್ಮದ ಅಡಿಯಲ್ಲಿ ತಲೆಯಿಂದ ಹೊಟ್ಟೆಯವರೆಗೆ ಒಂದು ಸಣ್ಣ ನಳಿಕೆ. ಒಳ್ಳೆಯ ಕೈಗಳಲ್ಲಿ ಇವೆಲ್ಲ ಚೆನ್ನಾಗಿಯೇ ಆಗುತ್ತವೆ. ಆದರೂ ರಕ್ತಸ್ರಾವ, ಸೋಂಕು, ನೀರು ಸೋರುವುದು, ಫಿಟ್ಸ್, ಇವು ಯಾವಾಗಲೂ ಲೆಕ್ಕದಲ್ಲಿ ಇರಬೇಕು. ಆಪರೇಷನ್ ಸರಿಯಾಗಿ ಆದ ಮೇಲೂ ಎಷ್ಟೋ ಸಲ ಸ್ಕ್ಯಾನಿನಲ್ಲಿ ಗುಳ್ಳೆ ಸ್ವಲ್ಪ ಸಣ್ಣದಾಗಿ ಕಾಣುತ್ತದೆಯೇ ಹೊರತು ಪೂರ್ತಿ ಮಾಯ ಆಗುವುದಿಲ್ಲ. ತೊಂದರೆ ಇದ್ದವನಿಗಾದರೆ ಆ ತೊಂದರೆ ಹೋಯಿತು ಅನ್ನುವ ಲಾಭ ಇದೆ. ಏನೂ ತೊಂದರೆ ಇಲ್ಲದವನಿಗೆ?

ನನ್ನ ಹತ್ತಿರ ಬರುವ ಒಬ್ಬಳು ಹೆಣ್ಣುಮಗಳಿದ್ದಾಳೆ. ಹತ್ತೊಂಬತ್ತರ ವಯಸ್ಸಿನಲ್ಲಿ, ಯಾವ ತೊಂದರೆಯೂ ಇಲ್ಲದೆ, ಬರೀ ಹೆದರಿಕೆಗೆ ಅವಳಿಗೆ ಶಂಟ್ ಹಾಕಿಸಿದರು. ಮೂರು ವರ್ಷದೊಳಗೆ ನಳಿಕೆ ಕಟ್ಟಿಕೊಂಡಿತು. ಅಷ್ಟರಲ್ಲಿ ತಲೆ ಆ ನಳಿಕೆಗೇ ಒಗ್ಗಿಹೋಗಿತ್ತು, ಕಟ್ಟಿಕೊಂಡ ಕೂಡಲೇ ತಲೆನೋವು, ವಾಂತಿ. ಬದಲಾಯಿಸಿದರು. ಮತ್ತೆ ಕಟ್ಟಿತು, ಮತ್ತೆ ಬದಲಾಯಿಸಿದರು. ಅವಳು ಕ್ಲಿನಿಕ್ಕಿಗೆ ಬಂದರೆ ಕೂರುವ ಮೊದಲೇ ಕಿವಿಯ ಹಿಂದೆ ಕೈ ಹೋಗುತ್ತದೆ, ಆ ಉಬ್ಬನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾಳೆ. ಆರೋಗ್ಯವಾಗಿದ್ದ ಹುಡುಗಿಯನ್ನು ನಾವೇ ಪೇಶಂಟ್ ಮಾಡಿದ್ದೇವೆ ಅಂತ ಪ್ರತಿ ಸಲ ಅನ್ನಿಸುತ್ತದೆ.

ಹಾಗಾದರೆ ಎರಡನೇ ಆಸ್ಪತ್ರೆಯವರು ಹೇಳಿದ ಹಾಗೆ ಮರೆತುಬಿಡೋದಾ? ಅದೂ ಅಲ್ಲ. ಮರೆಯುವುದು ಬೇರೆ, ಕಾಯುವುದು ಬೇರೆ. ಕಾಯುವುದಕ್ಕೆ ತಾರೀಖು ಇರುತ್ತದೆ.

ಮೊದಲನೆಯದು, ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕಣ್ಣಿಗೆ ಔಷಧಿಯ ಹನಿ ಹಾಕಿಸಿ ಹಿಂಭಾಗ ನೋಡಿಸಿ. ತಲೆಯೊಳಗೆ ಒತ್ತಡ ಏರಿದ್ದರೆ ಕಣ್ಣಿನ ನರದ ತುದಿ ಊದಿಕೊಂಡಿರುತ್ತದೆ. ಜಾಸ್ತಿ ಖರ್ಚಿಲ್ಲದ ಪರೀಕ್ಷೆ, ಶಿರಸಿಯಲ್ಲೇ ಆಗುತ್ತದೆ. ಎರಡನೆಯದು, ಆರು ತಿಂಗಳಿಂದ ಒಂದು ವರ್ಷದೊಳಗೆ ಇನ್ನೊಂದು ಎಂಆರ್‌ಐ. ಸಿಟಿ ಬೇಡ, ಅದರಲ್ಲಿ ಎಕ್ಸ್‌ರೇ ಬೀಳುತ್ತದೆ, ಎಂಆರ್‌ಐಯಲ್ಲಿ ಆ ತಾಪತ್ರಯ ಇಲ್ಲ. ಸಾಧ್ಯವಾದರೆ ಮೊದಲು ಮಾಡಿಸಿದ ಕಡೆಯೇ ಮಾಡಿಸಿ, ಹಳೆಯ ಸಿಡಿ ತೆಗೆದುಕೊಂಡು ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ಬರೆಯಿರಿ ಅಂತ ಕೇಳಿ. ಬದಲಾವಣೆ ಇಲ್ಲದಿದ್ದರೆ ಮುಂದಿನದ್ದು ಯಾವಾಗ, ಬೇಕಾ ಬೇಡವಾ ಅಂತ ನ್ಯೂರೋಸರ್ಜನ್ ಹೇಳುತ್ತಾರೆ. ದೊಡ್ಡವರಲ್ಲಿ ಒಂದೆರಡು ಸ್ಕ್ಯಾನ್ ಒಂದೇ ತರ ಬಂದರೆ ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ತೊಂದರೆ ಆದರೆ ಮಾತ್ರ ಬನ್ನಿ ಅನ್ನುತ್ತಾರೆ.

ಆ ಸಿಡಿ, ಫಿಲ್ಮುಗಳನ್ನು ಅಟ್ಟದ ಮೇಲೆ ಇಡಬೇಡಿ! ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ. ಹೋದ ಆಗಸ್ಟಿನಲ್ಲಿ ಒಬ್ಬರು ಹಳೆಯ ಫಿಲ್ಮ್ ತಂದರು. ಕವರಿನಿಂದ ಎಳೆದರೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಚರ್ ಅಂತ ಸದ್ದು, ಬಿಡಿಸಿ ಕಿಟಕಿಗೆ ಹಿಡಿದರೆ ಮೆದುಳಿನ ಮೇಲೆಲ್ಲ ಬಿಳಿ ಬೂಸ್ಟು. ಐದು ವರ್ಷ ಹಿಂದಿನ ಅಳತೆ ಹೋಯಿತು, ಹೋಲಿಸಲು ಏನೂ ಉಳಿಯಲಿಲ್ಲ. ಸಿಡಿಯಲ್ಲಿ ಇರುವುದನ್ನು ಪೆನ್‌ಡ್ರೈವಿಗೆ ಹಾಕಿಸಿ, ಮಗನ ಮೊಬೈಲಿನಲ್ಲೂ ರಿಪೋರ್ಟಿನ ಫೋಟೋ ಇರಲಿ.

ಮೂರನೆಯದು, ಪೆಟ್ಟು. ಇಂಥ ಗುಳ್ಳೆ ಇದ್ದವರಿಗೆ ತಲೆಗೆ ಪೆಟ್ಟು ಬಿದ್ದಾಗ ಗುಳ್ಳೆ ಒಡೆಯುವುದು ಅಥವಾ ಅದರ ಪಕ್ಕ ರಕ್ತ ಕಟ್ಟುವುದು ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಅಪರೂಪ, ಆದರೆ ಇದೆ. ನಾನೇ ಕಂಡ ಒಬ್ಬ ಹುಡುಗ ಶಾಲೆಯ ಮೈದಾನದಲ್ಲಿ ಇನ್ನೊಬ್ಬನಿಗೆ ತಲೆ ಹೊಡೆಸಿಕೊಂಡ. ಅವತ್ತು ಏನೂ ಇರಲಿಲ್ಲ. ಮೂರು ವಾರ ಆದ ಮೇಲೆ ದಿನಾ ಬೆಳಿಗ್ಗೆ ತಲೆನೋವು ಶುರುವಾಯಿತು. ಸ್ಕ್ಯಾನ್ ಮಾಡಿದರೆ ರಕ್ತ ಕಟ್ಟಿದೆ, ಪಕ್ಕದಲ್ಲಿ ಯಾರಿಗೂ ಗೊತ್ತೇ ಇಲ್ಲದಿದ್ದ ಗುಳ್ಳೆ. ಆಪರೇಷನ್ ಆಯಿತು, ಈಗ ಆರಾಮಾಗಿದ್ದಾನೆ. ಅದಕ್ಕೇ ಹೇಳುವುದು: ಹೆಲ್ಮೆಟ್ ಬಿಡಬಾರದು, ತೋಟದಿಂದ ಮನೆಗೆ ಅರ್ಧ ಕಿಲೋಮೀಟರ್ ಆದರೂ. ತಲೆಗೆ ಪೆಟ್ಟಾದರೆ ಮುಂದಿನ ಐದಾರು ವಾರ ತಲೆನೋವಿನ ಮೇಲೆ ಕಣ್ಣಿಡಿ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವುದನ್ನು ಬೇರೆಯವರಿಗೆ ಬಿಡಲಿ. ಕ್ರಿಕೆಟ್, ಈಜು, ಓಟ ಯಾವುದಕ್ಕೂ ಅಡ್ಡಿ ಇಲ್ಲ. ಕಬಡ್ಡಿ ಆಡುತ್ತಾನಾದರೆ ಸರ್ಜನ್ ಹತ್ತಿರ ಒಂದು ಮಾತು ಕೇಳಲಿ. ಅವನನ್ನು ಗಾಜಿನ ಗೊಂಬೆ ಮಾಡಿ ಮನೆಯಲ್ಲಿ ಕೂರಿಸಬೇಡಿ.

ಆಪರೇಷನ್ ಬೇಕು ಅಂತ ನಾನೇ ಹೇಳುವುದು ಯಾವಾಗ? ದಿನಕ್ಕೆ ದಿನ ಏರುವ ತಲೆನೋವು, ಬೆಳಿಗ್ಗೆ ಏಳುವಾಗಲೇ ಇದ್ದು ಜೊತೆಗೆ ವಾಂತಿ. ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು. ಆ ಜಾಗಕ್ಕೆ ಹೊಂದುವ ಫಿಟ್ಸ್. ಒಂದು ಬದಿಯ ಕೈಕಾಲಿನಲ್ಲಿ ಶಕ್ತಿ ಕಮ್ಮಿ ಆಗುವುದು. ಸ್ಕ್ಯಾನಿನಲ್ಲಿ ಗುಳ್ಳೆ ಬೆಳೆದಿರುವುದು, ನೀರಿನ ಕೋಣೆ ಉಬ್ಬಿರುವುದು, ರಕ್ತ ಕಟ್ಟಿರುವುದು. ಇದರಲ್ಲಿ ಒಂದು ಕಂಡರೂ ನಾಳೆ ಅನ್ನದೆ ಹೊರಡಿ. ಅವತ್ತು ಆಪರೇಷನ್ ಅಂದರೆ ಹೆದರಬೇಡಿ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದಾರೆ, ಮೂರನೆಯವರನ್ನು ಕೇಳುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಗಬಹುದು, ಮಣಿಪಾಲ ಆಗಬಹುದು, ಹುಬ್ಬಳ್ಳಿ ಹತ್ತಿರ. ಹೋದಾಗ ಹೀಗೆ ಕೇಳಿ: ‘ಆಪರೇಷನ್ ಮಾಡಿದರೆ ಇವನ ಯಾವ ತೊಂದರೆ ಹೋಗುತ್ತದೆ? ಮಾಡದಿದ್ದರೆ ಮುಂದಿನ ಐದು ವರ್ಷದಲ್ಲಿ ಏನಾಗಬಹುದು?’ ಮೊದಲ ಪ್ರಶ್ನೆಗೆ ಗಟ್ಟಿ ಉತ್ತರ ಸಿಗದಿದ್ದರೆ ಆತುರ ಬೇಡ.

ಕೊನೆಗೆ ಸಣ್ಣ ಅಕ್ಷರದಲ್ಲಿ ‘ಮದುವೆ ಮಾತುಕತೆಯಲ್ಲಿ ಹೇಳಬೇಕಾ’ ಅಂತ ಬರೆದಿದ್ದೀರಿ. ಹೇಳಿ. ಆದರೆ ‘ಮೆದುಳಿನಲ್ಲಿ ಗಡ್ಡೆ’ ಅಂತ ಹೇಳಬೇಡಿ, ಗಡ್ಡೆ ಅಲ್ಲ ಅದು. ಹುಡುಗನೇ ರಿಪೋರ್ಟ್ ತೋರಿಸಿ ಹೇಳಲಿ, ಅವರಿಗೆ ಸಂಶಯ ಇದ್ದರೆ ಅವರ ಡಾಕ್ಟರಿಗೆ ತೋರಿಸಿಕೊಳ್ಳಲಿ.

ಪ್ರಶ್ನೆ: ಕುಮಟಾದಲ್ಲಿ ಶಿಕ್ಷಕನಾಗಿದ್ದೇನೆ, ವಯಸ್ಸು 47. ತಲೆಸುತ್ತು ಅಂತ ಎಂಆರ್‌ಐ ಮಾಡಿಸಿದೆ. ತಲೆಸುತ್ತು ಕಿವಿಯದ್ದು ಅಂತಾಯಿತು, ವ್ಯಾಯಾಮದಲ್ಲೇ ಹೋಯಿತು. ಆದರೆ ಸ್ಕ್ಯಾನಿನಲ್ಲಿ 6 ಮಿಲಿಮೀಟರ್ ಕೊಲಾಯ್ಡ್ ಸಿಸ್ಟ್ ಇದೆ ಅಂತ ಬಂದಿದೆ. ಇಷ್ಟು ಸಣ್ಣದಕ್ಕೆ ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ಮೇಷ್ಟ್ರೇ, ಮೇಲಿನ ಉತ್ತರ ಓದಿ ‘ಅವರದ್ದು 42 ಮಿಲಿಮೀಟರ್, ನನ್ನದು ಬರೀ 6’ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಇಲ್ಲಿ ಗಾತ್ರಕ್ಕಿಂತ ಜಾಗ ದೊಡ್ಡದು. ಮೆದುಳಿನ ನಟ್ಟನಡುವೆ, ಎರಡೂ ಬದಿಯ ನೀರಿನ ಕೋಣೆಗಳಿಂದ ನೀರು ಕೆಳಗೆ ಇಳಿಯುವ ಕಿಂಡಿಯ ಬಾಯಲ್ಲೇ ಈ ಗುಳ್ಳೆ ಕೂತಿರುತ್ತದೆ. ತೋಟದ ಕಾಲುವೆಯ ಬಾಯಿಗೆ ಒಂದು ಹಿಡಿ ದರಗು ಸಿಕ್ಕಿಕೊಂಡರೆ ಸಾಕಲ್ಲ, ಹಿಂದೆ ನೀರು ಏರಲು. ಹಾಗೆ ಏಕಾಏಕಿ ಕಟ್ಟಿಕೊಂಡು ಜೀವಕ್ಕೇ ಕುತ್ತು ತಂದದ್ದೂ ಇದೆ. ಅದು ಕಡಿಮೆ ಜನರಲ್ಲಿ ಆಗುವಂಥದ್ದು, ಆದರೆ ಹೇಳದೆ ಇರುವುದು ಸರಿಯಲ್ಲ.

ನಿಮ್ಮ ಮಟ್ಟಿಗೆ ಸಮಾಧಾನದ ಸಂಗತಿ ಎಂದರೆ ಗುಳ್ಳೆ 7 ಮಿಲಿಮೀಟರಿಗಿಂತ ಕೆಳಗಿದೆ, ನೀರಿನ ಕೋಣೆಗಳು ಉಬ್ಬಿಲ್ಲ, ತಲೆನೋವಿಲ್ಲ. ಇಂಥವರನ್ನು ಸಾಮಾನ್ಯವಾಗಿ ಕಾದು ನೋಡುತ್ತಾರೆ. ಒಂದು ಸೆಂಟಿಮೀಟರ್ ಮುಟ್ಟಿದರೆ ಅಥವಾ ಕೋಣೆ ಉಬ್ಬಿದರೆ ಆಪರೇಷನ್ ಕಡೆಗೇ ಮಾತು ಹೋಗುತ್ತದೆ. ನಡುವಿನ ಅಳತೆಯಲ್ಲಿ ವಯಸ್ಸು, ತಲೆನೋವು, ಗುಳ್ಳೆ ಕೂತಿರುವ ನಿಖರ ಜಾಗ ಎಲ್ಲ ನೋಡಿ ತೀರ್ಮಾನ ಮಾಡುತ್ತಾರೆ. ಆಪರೇಷನ್ನೂ ಹಗುರವಲ್ಲ. ಆ ಕಿಂಡಿಯ ಅಂಚಿನಲ್ಲೇ ನೆನಪಿಗೆ ಬೇಕಾದ ನರದ ಎಳೆಗಳು ಹಾದುಹೋಗುತ್ತವೆ, ಅವಕ್ಕೆ ಪೆಟ್ಟಾದರೆ ಹೊಸ ಸಂಗತಿ ನೆನಪಿಟ್ಟುಕೊಳ್ಳುವುದು ಕಷ್ಟ ಆಗಬಹುದು. ನಿಮ್ಮದು ಪಾಠ ಹೇಳುವ ವೃತ್ತಿ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಇನ್ನೊಂದು ವಿಷಯವನ್ನು ನಮ್ಮ ಜಿಲ್ಲೆಯವರು ಸರ್ಜನ್ ಮುಂದೆ ಬಾಯಿಬಿಟ್ಟು ಹೇಳಬೇಕು. ದೊಡ್ಡ ಊರಿನಲ್ಲಿ ಇರುವವನಿಗೆ ರಾತ್ರಿ ತಲೆನೋವು ಬಂದರೆ ಅರ್ಧ ಗಂಟೆಯಲ್ಲಿ ನ್ಯೂರೋಸರ್ಜನ್ ಸಿಗುತ್ತಾರೆ. ಕುಮಟಾದಿಂದ ಮಣಿಪಾಲಕ್ಕೆ ಎರಡೂವರೆ ಗಂಟೆ, ಅದೂ ದಾರಿ ಸರಿ ಇದ್ದರೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿ ಉತ್ತರಕ್ಕೆ ಹೋಗುವವರ ಗತಿ ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಹಾಗಾಗಿ ಮುಂದೆ ಎಂದಾದರೂ ಗುಳ್ಳೆ 8, 9 ಆಗಿ ‘ಮಾಡಬಹುದು, ಬಿಡಬಹುದು’ ಅನ್ನುವ ಹಂತಕ್ಕೆ ಬಂದರೆ, ನಾನು ಕುಮಟಾದಲ್ಲಿ ಇರುವವನು ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿ ಅಂತ ಕೇಳಿ. ನನ್ನ ಮನಸ್ಸು ಅಂಥ ಹೊತ್ತಿನಲ್ಲಿ ಆಪರೇಷನ್ ಕಡೆಗೇ ವಾಲುತ್ತದೆ.

ಸದ್ಯಕ್ಕೆ ಸರ್ಜನ್ ಹೇಳಿದ ತಾರೀಖಿಗೆ ಎಂಆರ್‌ಐ ತಪ್ಪಿಸಬೇಡಿ. ಮನೆಯವರಿಗೆ ಹೇಳಿಡಿ: ಇದ್ದಕ್ಕಿದ್ದ ಹಾಗೆ ಜೋರು ತಲೆನೋವು, ವಾಂತಿ, ಮಂಪರು, ನಿಂತಲ್ಲೇ ಕಾಲು ಕುಸಿಯುವುದು ಆದರೆ ಮಾತ್ರೆ ಕೊಟ್ಟು ಮಲಗಿಸಬಾರದು, 108ಕ್ಕೆ ಫೋನ್ ಮಾಡಬೇಕು. ಹೋದ ಕಡೆ ಮೊದಲ ಮಾತೇ ‘ತಲೆಯಲ್ಲಿ ಕೊಲಾಯ್ಡ್ ಸಿಸ್ಟ್ ಇದೆ’ ಅಂತ ಆಗಬೇಕು. ಗೊತ್ತಿಲ್ಲದೆ ಯಾರಾದರೂ ಬೆನ್ನಿನಿಂದ ನೀರು ತೆಗೆಯಲು ಹೋದರೆ ಆ ಹೊತ್ತಿನಲ್ಲಿ ಅಪಾಯ. ಒಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಕಾರವಾರ. ನನಗೆ 31. ಕಾಲೇಜಿನ ದಿನದಿಂದ ತಲೆನೋವು ಇದೆ, ಒಂದೇ ಬದಿ, ಬೆಳಕು ಆಗುವುದಿಲ್ಲ, ಮುಟ್ಟಿನ ಮೊದಲು ಜಾಸ್ತಿ. ಸ್ಕ್ಯಾನಿನಲ್ಲಿ 8 ಮಿಲಿಮೀಟರ್ ಪೀನಿಯಲ್ ಸಿಸ್ಟ್ ಅಂತ ಬಂದಿದೆ. ಕೊನೆಗೂ ಕಾರಣ ಸಿಕ್ಕಿತು ಅಂತ ಖುಷಿಯಾಯಿತು. ತೆಗೆಸಿದರೆ ತಲೆನೋವು ಹೋಗುತ್ತದಲ್ಲ?

ಉತ್ತರ: ತಂಗೀ, ನೀನು ಬರೆದ ತಲೆನೋವು ಓದಿದರೆ ಮೈಗ್ರೇನ್ ಅಂತಲೇ ಅನ್ನಿಸುತ್ತದೆ. ಹತ್ತು ವರ್ಷ ನೋವು ತಿಂದವರಿಗೆ ಒಂದು ಕಾರಣ ಕಣ್ಣಿಗೆ ಕಂಡರೆ ಎಷ್ಟು ಹಗುರ ಆಗುತ್ತದೆ ಅಂತ ನನಗೆ ಗೊತ್ತು, ಅದನ್ನು ಕಿತ್ತುಕೊಳ್ಳಲು ಮನಸ್ಸಿಲ್ಲ. ಆದರೆ ಪೀನಿಯಲ್ ಸಿಸ್ಟ್ ತಲೆನೋವು ಇಲ್ಲದವರ ಸ್ಕ್ಯಾನಿನಲ್ಲೂ ಧಾರಾಳ ಕಾಣುತ್ತದೆ, ನಿನ್ನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ. ಇಬ್ಬರು ಒಂದೇ ಬಸ್ಸಿನಲ್ಲಿ ಇಳಿದರು ಅಂದ ಮಾತ್ರಕ್ಕೆ ಅವರು ಒಂದೇ ಮನೆಯವರು ಅಂತ ಆಗುವುದಿಲ್ಲವಲ್ಲ.

ಆ ಗ್ರಂಥಿ ಬಟಾಣಿ ಕಾಳಿನಷ್ಟು, ಮೆದುಳಿನ ತೀರಾ ಒಳಗೆ ಇದೆ. ಅಲ್ಲಿಗೆ ಕತ್ತರಿ ಒಯ್ಯುವುದು ಸಣ್ಣ ಮಾತಲ್ಲ, ಒಯ್ದ ಮೇಲೂ ಮೈಗ್ರೇನ್ ಇದ್ದಲ್ಲೇ ಇರುತ್ತದೆ. ನೀರಿನ ದಾರಿ ಕಟ್ಟಿದ್ದರೆ, ಕಣ್ಣು ಮೇಲೆತ್ತಿ ನೋಡಲು ಆಗದಿದ್ದರೆ, ಒಂದು ಎರಡಾಗಿ ಕಂಡರೆ ಬೇರೆ ಮಾತು. ನಿನಗೆ ಇದಾವುದೂ ಇಲ್ಲ. ಕಣ್ಣಿನ ಹಿಂಭಾಗ ಒಂದು ಸಲ ನೋಡಿಸು, ಇನ್ನೊಂದು ಸ್ಕ್ಯಾನ್ ಬೇಕಾ ಅಂತ ನ್ಯೂರಾಲಜಿಸ್ಟ್ ಹತ್ತಿರ ಕೇಳು, ಅವರ ಹತ್ತಿರವೇ ಮೈಗ್ರೇನಿಗೆ ಸರಿಯಾದ ಔಷಧಿ ಶುರು ಮಾಡು. ತಿಂಗಳಿಗೆ ಹತ್ತು ಹದಿನೈದು ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ನೋವು ಬಂದ ದಿನ, ಹೊತ್ತು, ಆ ದಿನ ಊಟ ನಿದ್ದೆ ಹೇಗಿತ್ತು, ಎರಡು ತಿಂಗಳು ಒಂದು ಡೈರಿಯಲ್ಲಿ ಬರೆದುಕೊಂಡು ಹೋಗು. ಡಾಕ್ಟರಿಗೆ ಸ್ಕ್ಯಾನಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಹೊನ್ನಾವರದಿಂದ. ನಾನು ಐದು ತಿಂಗಳ ಬಸುರಿ. ಸ್ಕ್ಯಾನಿನಲ್ಲಿ ಮಗುವಿನ ಮೆದುಳಿನಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಇದೆ ಅಂತ ಬರೆದಿದ್ದಾರೆ. ಉಳಿದದ್ದೆಲ್ಲ ನಾರ್ಮಲ್ ಅಂದರು. ಅತ್ತೆಗೆ ಇನ್ನೂ ಹೇಳಿಲ್ಲ. ಮಗು ಬುದ್ಧಿವಂತ ಆಗುತ್ತದಾ?

ಉತ್ತರ: ಮಗಳೇ, ಉಳಿದದ್ದೆಲ್ಲ ನಾರ್ಮಲ್ ಅನ್ನುವ ಮಾತೇ ಇಲ್ಲಿ ಮುಖ್ಯ. ಮೆದುಳಿನ ನೀರು ಊರುವ ಜಾಗದಲ್ಲಿ ಸಣ್ಣ ಗುಳ್ಳೆ ಕಾಣುವುದು ನೂರು ಬಸುರಿಯರಲ್ಲಿ ಒಬ್ಬಿಬ್ಬರ ಸ್ಕ್ಯಾನಿನಲ್ಲಿ ಇದ್ದೇ ಇರುತ್ತದೆ. ಹೆಚ್ಚಿನವು ಏಳನೇ ತಿಂಗಳ ಹೊತ್ತಿಗೆ ತಾವಾಗಿಯೇ ಮಾಯ. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಜೊತೆಗೆ ಹೃದಯ, ಕೈಬೆರಳು ಇಂಥ ಕಡೆ ಬೇರೆ ದೋಷವೂ ಕಂಡಿದ್ದರೆ ಮಾತ್ರ ವರ್ಣತಂತುವಿನ ತೊಂದರೆ ಇದೆಯಾ ಅಂತ ಹುಡುಕುತ್ತಾರೆ. ಮೊದಲ ಮೂರು ತಿಂಗಳಲ್ಲಿ ಮಾಡಿದ ರಕ್ತಪರೀಕ್ಷೆಯ ರಿಪೋರ್ಟ್ ಇದ್ದರೆ ನಿನ್ನ ಡಾಕ್ಟರಿಗೆ ಇನ್ನೊಮ್ಮೆ ತೋರಿಸು. ಅತ್ತೆಗೂ ಹೇಳು, ಒಬ್ಬಳೇ ಹೊತ್ತುಕೊಂಡು ತಿರುಗಬೇಡ.

ಪ್ರಶ್ನೆ: ಭಟ್ಕಳದವನು, ದುಬೈಯಲ್ಲಿ ಕೆಲಸ. ಅರಾಕ್ನಾಯ್ಡ್ ಸಿಸ್ಟ್ ಇದೆ. ವಿಮಾನದಲ್ಲಿ ಮೇಲೆ ಹೋದರೆ ಒಡೆಯುತ್ತದಾ?

ಉತ್ತರ: ಇಲ್ಲ. ಒಳಗಿರುವುದು ನೀರು, ಗಾಳಿಯಲ್ಲ, ಮೇಲೆ ಹೋದರೆ ಅದು ಹಿಗ್ಗುವುದಿಲ್ಲ. ಧೈರ್ಯವಾಗಿ ಹೋಗಿ ಬನ್ನಿ. ರಿಪೋರ್ಟ್ ಮೊಬೈಲಿನಲ್ಲಿ ಇರಲಿ.

ಪ್ರಶ್ನೆ: ಹಳಿಯಾಳ ತಾಲೂಕು. ತಮ್ಮನಿಗೆ ಫಿಟ್ಸ್ ಬಂದು ಸ್ಕ್ಯಾನ್ ಮಾಡಿದಾಗ ಮೆದುಳಿನಲ್ಲಿ ಹುಳದ ಗುಳ್ಳೆ ಅಂದರು. ನಾವು ಮಾಂಸವನ್ನೇ ತಿನ್ನುವುದಿಲ್ಲ. ಇದನ್ನೂ ಸುಮ್ನೆ ಬಿಡಬಹುದಾ? ಅಂಗಡಿಯಲ್ಲಿ ಹುಳದ ಮಾತ್ರೆ ಸಿಗುತ್ತದೆ, ಕೊಡಲಾ?

ಉತ್ತರ: ಎರಡನ್ನೂ ಮಾಡಬೇಡಿ. ಇದು ಮೇಲೆ ಹೇಳಿದ ಗುಳ್ಳೆಗಳ ಜಾತಿಯೇ ಅಲ್ಲ. ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ಮರಿ ರಕ್ತದ ಮೂಲಕ ಮೆದುಳು ಸೇರಿ ಗುಳ್ಳೆ ಕಟ್ಟುವುದು. ಮೊಟ್ಟೆ ಬರುವುದು ಹುಳ ಇರುವ ಮನುಷ್ಯನ ಮಲದಿಂದ. ಸರಿಯಾಗಿ ತೊಳೆಯದ ಹಸಿ ತರಕಾರಿ, ಕೊಳಕು ನೀರು, ಅಡುಗೆ ಮಾಡುವವರ ಕೈ, ಯಾವುದರಿಂದಲೂ ಬರಬಹುದು. ಹಾಗಾಗಿ ಸಸ್ಯಾಹಾರಿಗಳಿಗೂ ಬರುತ್ತದೆ. ಆಲ್ಬೆಂಡಜೋಲ್ ಅನ್ನುವ ಹುಳದ ಮಾತ್ರೆ ಕೊಡುವುದು ನಿಜ, ಆದರೆ ಹುಳ ಒಮ್ಮೆಲೇ ಸತ್ತಾಗ ಸುತ್ತ ಮೆದುಳು ಊದಿಕೊಂಡು ಫಿಟ್ಸ್ ಜಾಸ್ತಿ ಆಗಬಹುದು. ಅದಕ್ಕೆ ಕಣ್ಣಿನ ಪರೀಕ್ಷೆ ಮಾಡಿ, ಊತ ತಡೆಯುವ ಸ್ಟೀರಾಯ್ಡ್ ಜೊತೆ, ಡಾಕ್ಟರ ಕಣ್ಣೆದುರೇ ಶುರು ಮಾಡಬೇಕು. ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು. ಈ ವಾರವೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.

ಪ್ರಶ್ನೆ: ನಾನು ಯಕ್ಷಗಾನ ಕಲಾವಿದ, ಹೊನ್ನಾವರ ಕಡೆಯವನು, 38 ವರ್ಷ. ಹಿಂದಲೆಯಲ್ಲಿ 3 ಸೆಂಟಿಮೀಟರ್ ಅರಾಕ್ನಾಯ್ಡ್ ಸಿಸ್ಟ್ ಇದೆ, ಬೇರೆ ತೊಂದರೆ ಇಲ್ಲ. ಕಿರೀಟ ಬಿಗಿದು ಕಟ್ಟಿ ಬೆಳಗಿನವರೆಗೆ ಕುಣಿಯುವುದು. ಬಿಡಬೇಕಾಗುತ್ತದಾ? ಬೇರೆ ಕಸುಬು ನನಗೆ ಗೊತ್ತಿಲ್ಲ.

ಉತ್ತರ: ಬಿಡಬೇಕಾಗಿಲ್ಲ. ಕಿರೀಟದ ಭಾರ ಬೀಳುವುದು ತಲೆಬುರುಡೆಯ ಮೇಲೆ, ಕುತ್ತಿಗೆಯ ಮೇಲೆ. ಬುರುಡೆಯ ಒಳಗಿನ ಗುಳ್ಳೆಗೆ ಅದು ಮುಟ್ಟುವುದಿಲ್ಲ. ಬಿಗಿ ಜಾಸ್ತಿಯಾಗಿ ಹಣೆ, ಕಿವಿಯ ಮೇಲೆ ನೋವು ಬರುವುದು ಗುಳ್ಳೆ ಇಲ್ಲದ ಕಲಾವಿದರಿಗೂ ಇದ್ದದ್ದೇ, ಕಿರೀಟ ಬಿಚ್ಚಿದ ಮೇಲೆ ಅದು ಇಳಿಯುತ್ತದೆ. ಬಿಚ್ಚಿ ಮಲಗಿ ಎದ್ದರೂ ಇಳಿಯದ ತಲೆನೋವು, ಅದರ ಜೊತೆ ವಾಂತಿ, ಇವು ಬೇರೆ ಲೆಕ್ಕ.

ನಿಮ್ಮ ಗುಳ್ಳೆ ಇರುವುದು ಹಿಂದಲೆಯಲ್ಲಿ, ಅಂದರೆ ಮೈಯ ಸಮತೋಲ ಕಾಯುವ ಕಿರುಮೆದುಳಿನ ಪಕ್ಕ. ಹಾಗಾಗಿ ನಿಮಗೆ ಒಂದು ವಿಶೇಷ ಪರೀಕ್ಷೆ ಇದೆ, ಅದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಡಾಕ್ಟರೂ ಮಾಡಲಾರರು. ಗಿರಕಿ ಹೊಡೆದು ನಿಂತಾಗ ಮೊದಲಿಗಿಂತ ಜಾಸ್ತಿ ಹೊತ್ತು ಓಲಾಡುತ್ತೀರಾ? ಮಂಡಿ ಕುಣಿತದಲ್ಲಿ ಒಂದೇ ಬದಿಗೆ ವಾಲುತ್ತೀರಾ? ಚೆಂಡೆಯ ಪೆಟ್ಟಿಗೆ ಸರಿಯಾಗಿ ಬೀಳುತ್ತಿದ್ದ ಹೆಜ್ಜೆ ತಪ್ಪುತ್ತಿದೆಯಾ? ವಯಸ್ಸಾಯಿತು ಅಂತ ನೀವೇ ತಳ್ಳಿಹಾಕಬಹುದು, ಹಾಗಾಗಿ ನಿಮ್ಮ ಭಾಗವತರಿಗೆ ವಿಷಯ ಹೇಳಿಡಿ. ದಿನಾ ನಿಮ್ಮ ಕಾಲನ್ನೇ ನೋಡುತ್ತಾ ಹಾಡುವವರು ಅವರು, ಬದಲಾವಣೆ ನಿಮಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ನವೆಂಬರಿನಲ್ಲಿ ತಿರುಗಾಟ ಶುರುವಾಗುವ ಮೊದಲು ಕಣ್ಣಿನ ಪರೀಕ್ಷೆ ಒಂದು, ಎಂಆರ್‌ಐ ಒಂದು ಮುಗಿಸಿಕೊಳ್ಳಿ. ಎರಡೂ ಚೆನ್ನಾಗಿದ್ದರೆ ಗೆಜ್ಜೆ ಕಟ್ಟಿ.